ಯಂತ್ರಕ್ಕೆ ಕೋಟಿ, ಕೋಡ್ ಬರೆಯುವವರಿಗೆ ಗುತ್ತಿಗೆ

ದೇಶದಲ್ಲಿ ಸೂಪರ್‌ ಕಂಪ್ಯೂಟರ್‌ಗಳ ಜಾಲ ಕಟ್ಟಲು ಕೇಂದ್ರ ಸರ್ಕಾರ 2015ರಲ್ಲಿ ₹4,500 ಕೋಟಿ ವೆಚ್ಚದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಫಲವಾಗಿ 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಬಂತು. ಐಐಟಿಗಳಿಗೂ ಇಂಥ ಯಂತ್ರಗಳು ಬಂದಿವೆ. ಆದರೆ ಇವುಗಳ ಮೇಲೆ ಓಡುವ ಪ್ರೋಗ್ರಾಂಗಳನ್ನು ಬರೆದು, ತಿದ್ದಿ, ಜೋಪಾನ ಮಾಡುವವರಿಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಹುದ್ದೆಗಳು ಇಲ್ಲವೆನ್ನುವಷ್ಟು ಕಡಿಮೆ.

ಹಾಗೆಂದು ಕೆಲಸವೇ ಇಲ್ಲವೆಂದಲ್ಲ. ಹವಾಮಾನ ಮಾದರಿ, ಜೀನೋಮ್ ವಿಶ್ಲೇಷಣೆ, ಔಷಧ ಅಣುಗಳ ಲೆಕ್ಕಾಚಾರ ಎಲ್ಲಕ್ಕೂ ಜನ ಬೇಕು. ಆದರೆ ಆ ಕೆಲಸ ಸಿಗುವುದು ‘ಪ್ರಾಜೆಕ್ಟ್ ಅಸೋಸಿಯೇಟ್’, ‘ಜೆಆರ್‌ಎಫ್’ (ಕಿರಿಯ ಸಂಶೋಧನಾ ಫೆಲೊ) ಎಂಬ ಹೆಸರಿನಲ್ಲಿ. ಜಾಹೀರಾತು ಯಾವುದೋ ವಿಭಾಗದ ಜಾಲತಾಣದ ಮೂಲೆಯಲ್ಲಿ ಒಂದು ಪುಟದ ಪಿಡಿಎಫ್ ಆಗಿ ಬಿದ್ದಿರುತ್ತದೆ. ಕೊನೆಯ ಸಾಲುಗಳು ಬಹುಮಟ್ಟಿಗೆ ಒಂದೇ: ಹುದ್ದೆ ತಾತ್ಕಾಲಿಕ, ಯೋಜನೆ ಮುಗಿದೊಡನೆ ಕೊನೆಗೊಳ್ಳುತ್ತದೆ, ಕಾಯಂಗೊಳಿಸುವಂತೆ ಕೇಳುವ ಹಕ್ಕಿಲ್ಲ, ಸಂದರ್ಶನಕ್ಕೆ ಬರಲು ಪ್ರಯಾಣ ಭತ್ಯೆಯಿಲ್ಲ. ಗೈಡ್‌ಗಳ ಪರಿಚಯವಿರುವ ಬೆಂಗಳೂರಿನ ವಿದ್ಯಾರ್ಥಿಗೆ ಸುದ್ದಿ ಮುಟ್ಟುತ್ತದೆ. ಕಲಬುರಗಿಯಲ್ಲೋ ಶಿವಮೊಗ್ಗದಲ್ಲೋ ಎಂಎಸ್ಸಿ ಮುಗಿಸಿದವರಿಗೆ ತಿಳಿಯುವಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ.

ನೆಟ್ ಅಥವಾ ಗೇಟ್ ಪಾಸಾದ ಜೆಆರ್‌ಎಫ್‌ಗೆ 2023ರ ಜನವರಿಯಿಂದ ತಿಂಗಳಿಗೆ ₹37,000 ಮತ್ತು ಮನೆ ಬಾಡಿಗೆ ಭತ್ಯೆ ನಿಗದಿಯಾಗಿದೆ. ಶುರುವಿಗೆ ಇದೇನೂ ಕಡಿಮೆಯಲ್ಲ. ತೊಡಕಿರುವುದು ಮುಂದಿನ ಮೆಟ್ಟಿಲಿನಲ್ಲಿ. ಪ್ರಬಂಧ ಪ್ರಕಟಿಸಿದವರಿಗೆ ಪ್ರಾಧ್ಯಾಪಕರಾಗುವ ದಾರಿ ಕಿರಿದಾದರೂ ಇದೆ. ಒಳ್ಳೆಯ ಕೋಡ್ ಬರೆದವರಿಗೆ ಬಡ್ತಿಯ ದಾರಿಯೇ ಇಲ್ಲ. ಎರಡು ಮೂರು ವರ್ಷ ಪಳಗಿದವರು ಕಂಪನಿ ಸೇರುತ್ತಾರೆ. ಹೊಸಬರು ಬಂದು ಪ್ರೋಗ್ರಾಂ ಓಡಿಸಿದರೆ, ಅದು ಬಿಟ್ಟುಹೋದವರ ಹೆಸರಿನ ಫೋಲ್ಡರ್‌ನಲ್ಲಿ ದತ್ತಾಂಶ ಹುಡುಕಿ ಅಲ್ಲೇ ನಿಲ್ಲುತ್ತದೆ. ಆ ಖಾತೆ ಅಳಿಸಿ ತಿಂಗಳುಗಳಾಗಿರುತ್ತವೆ. ಯಂತ್ರಕ್ಕೆ ವಾರ್ಷಿಕ ನಿರ್ವಹಣಾ ಒಪ್ಪಂದವಿರುತ್ತದೆ, ಕೋಡ್‌ಗೆ ವಾರಸುದಾರರೇ ಇರುವುದಿಲ್ಲ.

ಬ್ರಿಟನ್ನಿನಲ್ಲೂ ಇದೇ ಪಾಡಿತ್ತು. ಅಲ್ಲಿ 2012ರಲ್ಲಿ ‘ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಹೆಸರು ಹುಟ್ಟಿತು. ಅದೇ ವರ್ಷ ಯೂನಿವರ್ಸಿಟಿ ಕಾಲೇಜ್ ಲಂಡನ್ ಇಂಥವರ ಕೇಂದ್ರ ತಂಡವನ್ನೇ ಕಟ್ಟಿತು. ಇಂಥ ತಂಡಗಳ ಸಿಬ್ಬಂದಿ ಯಾವುದೇ ಒಂದು ಪ್ರಾಜೆಕ್ಟಿಗೆ ಸೇರಿದವರಲ್ಲ, ವಿಶ್ವವಿದ್ಯಾಲಯದವರು. ಯಾವ ಸಂಶೋಧನೆಗೆ ಎಷ್ಟು ತಿಂಗಳು ದುಡಿದರೋ ಅಷ್ಟರ ವೆಚ್ಚವನ್ನು ಆ ಅನುದಾನ ಭರಿಸುತ್ತದೆ. ಒಂದು ಪ್ರಾಜೆಕ್ಟ್ ಮುಗಿದರೆ ಇನ್ನೊಂದು ಕಾದಿರುತ್ತದೆ.

ಅತಿಥಿ ಉಪನ್ಯಾಸಕರಿಂದಲೇ ತರಗತಿ ನಡೆಸುತ್ತಿರುವ ರಾಜ್ಯ ವಿಶ್ವವಿದ್ಯಾಲಯಗಳಿಗೆ ಇದೆಲ್ಲ ಎಟುಕುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಂದೊಂದು ವಿಶ್ವವಿದ್ಯಾಲಯಕ್ಕೆ ಕಷ್ಟವಾದರೆ ಹಲವು ಸೇರಿ ಒಂದು ತಂಡ ಇಟ್ಟುಕೊಳ್ಳಬಹುದು. 2023ರ ಕಾಯ್ದೆಯಿಂದ ರೂಪುಗೊಂಡ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಸಲಕರಣೆ, ಪ್ರವಾಸದ ಬಾಬತ್ತಿನಂತೆ ಸಾಫ್ಟ್‌ವೇರ್ ಸಿಬ್ಬಂದಿಗೂ ಒಂದು ಬಾಬತ್ತು ತೆರೆದರೆ ದುಡ್ಡಿನ ದಾರಿ ಸಿಗುತ್ತದೆ. ಉನ್ನತ ಶಿಕ್ಷಣ ಇಲಾಖೆ ಎಲ್ಲ ಪ್ರಾಜೆಕ್ಟ್ ಹುದ್ದೆಗಳನ್ನೂ ಒಂದೇ ಜಾಲತಾಣದಲ್ಲಿ ಕನ್ನಡದಲ್ಲಿ ಪ್ರಕಟಿಸಲು ದೊಡ್ಡ ಖರ್ಚೇನೂ ಬೇಕಿಲ್ಲ. ಈ ಕೊನೆಯದನ್ನು ಬರುವ ಶೈಕ್ಷಣಿಕ ವರ್ಷದಲ್ಲೇ ಶುರು ಮಾಡಬಹುದು.