ಬಚ್ಚಲ ಒಲೆ ಒಡೆಯೋ ಮೊದಲು ಚಿಮಣಿಯೊಳಗೆ ಒಮ್ಮೆ ಇಣುಕಿ

ನಮ್ಮ ಮಲೆನಾಡಿನ ಕಡೆ ಈಗ ಮನೆ ರಿಪೇರಿ ಅಂದರೆ ಮೊದಲ ಪೆಟ್ಟು ಬೀಳೋದೇ ಬಚ್ಚಲ ಒಲೆಗೆ. ಹಂಡೆ ಗುಜರಿಗೆ, ಒಲೆ ಇದ್ದ ಜಾಗಕ್ಕೆ ಟೈಲ್ಸ್, ಗೋಡೆಗೆ ಗೀಸರ್. ಅಡಿಕೆ ತೋಟ ಇರೋ ಮನೆಯವರು ಇದನ್ನು ಮಾಡಬಾರದು ಅನ್ನೋದು ನನ್ನ ವಾದ. ಹಳೇದರ ಮೇಲಿನ ಮೋಹಕ್ಕೆ ಹೇಳ್ತಿಲ್ಲ. ಮನೆಯೊಳಗೇ ಹೊಗೆ ಉಗುಳೋ ಒಲೆಯಾದರೆ ಒಡೆಯೋದೇ ಸರಿ. ನಮ್ಮ ಅಮ್ಮಂದಿರ ಕೆಮ್ಮು ಯಾರಿಗೂ ಮರೆತಿಲ್ಲ. ಆದರೆ ಸುಮಾರು ಒಲೆಗಳ ರೋಗ ಚಿಮಣಿಯಲ್ಲಿರುತ್ತೆ, ಒಲೆಯಲ್ಲಿ ಅಲ್ಲ.

ಸ್ವಲ್ಪ ಲೆಕ್ಕ ಹಾಕೋಣ. 100 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡೋಕೆ ಮೂರೂವರೆ ಯೂನಿಟ್ ಕರೆಂಟ್ ಬೇಕು. ತಿಂಗಳಿಗೆ ನೂರು ಯೂನಿಟ್ ಸ್ನಾನಕ್ಕೇ ಹೋಯ್ತು. ಗೃಹಜ್ಯೋತಿ ಇದೆಯಲ್ಲ ಅಂತೀರಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಸೋಲಾರ್ ಬೇಸಿಗೆಯಲ್ಲಿ ಚಿನ್ನ, ಆದರೆ ಬಿಸಿನೀರು ಬೇಕಾಗೋದು ಆಷಾಢದಲ್ಲಿ ಮಾರಾಯ್ರೇ! ಆಗ ಬಿಸಿಲೂ ಇಲ್ಲ, ಮರ ಬಿದ್ದರೆ ನಾಲ್ಕು ದಿನ ಕರೆಂಟೂ ಇಲ್ಲ. ಅದೇ ನೀರಿಗೆ ಒಣ ಕಟ್ಟಿಗೆಯಾದರೆ, ಶಾಖದಲ್ಲಿ ಕಾಲು ಭಾಗವಷ್ಟೇ ನೀರಿಗೆ ಸೇರಿದರೂ, ಮೂರೂವರೆ ಕೆಜಿ ಸಾಕು. ಅದಕ್ಕೆ ಕಾಡಿಗೆ ಹೋಗಬೇಕಾಗಿಲ್ಲ. ಹಸಿ ಅಡಿಕೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಅದನ್ನು ರಸ್ತೆ ಬದಿ ಸುರಿದು, ಬೆಂಕಿ ಹಾಕಿ, ಊರಿಗೆಲ್ಲ ಹೊಗೆ ಕುಡಿಸ್ತಿದ್ದೀವಿ.

ನಮ್ಮ ಮನೆ ಒಲೆ ಹನ್ನೊಂದು ವರ್ಷ ತಣ್ಣಗೆ ಕೂತಿತ್ತು. ಕಳೆದ ಬೇಸಿಗೆಯಲ್ಲಿ ಮತ್ತೆ ಹೊತ್ತಿಸಿದೆವು. ಖರ್ಚಾಗಿದ್ದು ಎರಡು ಆಳಿನ ಕೂಲಿ, ಒಂದು ಕಬ್ಬಿಣದ ಜಾಲರಿ.

ಮೊದಲು ಚಿಮಣಿ. ಬಹಳ ವರ್ಷ ಬಿಟ್ಟದ್ದರಲ್ಲಿ ಹಕ್ಕಿಗೂಡು, ಉದುರಿದ ಜಂಬಿಟ್ಟಿಗೆ ಚೂರು ಏನಾದರೂ ಇದ್ದೇ ಇರುತ್ತೆ. (ತುಡುವೆ ಜೇನು ಕೂತಿದ್ದರೆ ಅದೃಷ್ಟ, ಪೆಟ್ಟಿಗೆಗೆ ಇಳಿಸಿ ಆಮೇಲೆ ಕೆಲಸ ಹಿಡೀರಿ.) ಹಗ್ಗಕ್ಕೆ ಬಿದಿರುಮುಳ್ಳಿನ ಕಂತೆ ಕಟ್ಟಿ, ಮೇಲೊಬ್ಬ ಕೆಳಗೊಬ್ಬ ನಿಂತು ಎಳೆದಾಡಿದರೆ ಮಸಿ ಉದುರುತ್ತೆ. ಒಳಗೋಡೆಯಲ್ಲಿ ಟಾರಿನ ಹಾಗೆ ಹೊಳೆಯೋ ಕಪ್ಪು ಅಂಟು ಕಂಡರೆ ಹುಷಾರು. ಹಸಿ ಕಟ್ಟಿಗೆ ಹೊಗೆ ತಣ್ಣಗಾಗಿ ಹಿಡಿದ ಅಂಟು ಅದು, ಒಮ್ಮೆ ಹೊತ್ತಿಕೊಂಡರೆ ಚಿಮಣಿಯೇ ಕೊಳ್ಳಿಯಾಗುತ್ತೆ. ಸುತ್ತ ಪಕಾಸಿ, ರೀಪು ಎಲ್ಲ ಒಣ ಮರ. ಕೆರೆದು ತೆಗೆಯದೆ ಕಡ್ಡಿ ಗೀರಬೇಡಿ. ಪಕಾಸಿ ಚಿಮಣಿಗೆ ತಾಗಿಕೊಂಡಿದ್ದರೆ ಬಡಗಿಯನ್ನು ಕರೆಸಿ ಸರಿಸಿ, ಅದರಲ್ಲಿ ಜಿಪುಣತನ ಬೇಡ. ಬಾಯಿ ಮಾಡಿನಿಂದ ಮೂರಡಿಯಾದರೂ ಮೇಲಿರಲಿ, ಇಲ್ಲದಿದ್ದರೆ ಗಾಳಿ ಹೊಡೆದಾಗ ಹೊಗೆ ವಾಪಸ್.

ಎಳೆತ ನೋಡೋದು ಸುಲಭ. ಒಂದು ಪೇಪರ್ ಹೊತ್ತಿಸಿ ಒಲೆಯೊಳಗೆ ಚಿಮಣಿ ಬುಡದ ಹತ್ತಿರ ಹಿಡೀರಿ. ಜ್ವಾಲೆ ಒಳಗೆ ವಾಲಿದರೆ ಚಿಮಣಿ ಎಳೀತಿದೆ. ಮುಖದ ಕಡೆ ಬಂದರೆ ಎಲ್ಲೋ ಕಟ್ಟಿದೆ, ಇಲ್ಲಾ ಬಿರುಕಿದೆ.

ಬಿರುಕಿಗೆ ಮೇಸ್ತ್ರಿ ಸಿಮೆಂಟ್ ಹಚ್ಚೋಕೆ ನೋಡ್ತಾನೆ. ಬಿಡಬೇಡಿ. ಬೆಂಕಿ ತಾಗೋ ಕಡೆ ಸಿಮೆಂಟ್ ಸಿಡಿದು ಬಿಡುತ್ತೆ. ಹುತ್ತದ ಮಣ್ಣು ಎರಡು ದಿನ ನೆನೆಸಿ, ಭತ್ತದ ಹೊಟ್ಟು, ಸಗಣಿ ಸೇರಿಸಿ ತುಳಿದು ಮೆತ್ತಬೇಕು. ಪೂರ್ತಿ ಒಣಗಿದ ಮೇಲೆ ವಾರ ಸಣ್ಣ ಬೆಂಕಿ, ಆಮೇಲೆ ದೊಡ್ಡದು. ಹಂಡೆ ತಳದ ಮಸಿಯನ್ನೂ ಕೆರೀರಿ, ಅದು ಶಾಖ ತಡೆಯುತ್ತೆ. ಖಾಲಿ ಹಂಡೆ ಕೆಳಗೆ ಬೆಂಕಿ ಮಾತ್ರ ಯಾವತ್ತೂ ಬೇಡ.

ಜಾಲರಿ ಯಾಕೆ ಅಂದರೆ, ಗಾಳಿ ಅಡಿಯಿಂದ ಬಂದರೆ ಸಿಪ್ಪೆ ಹೊಗೆಯಾಡದೆ ಉರಿಯುತ್ತೆ. ಇದೇನು ನನ್ನ ಕಂಡುಹಿಡಿತ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹಳ್ಳಿ ಒಲೆ ತಿದ್ದಿದ್ದೂ ಜಾಲರಿ, ಚಿಮಣಿ ಇಟ್ಟೇ. ಅಸ್ತ್ರ ಒಲೆ ಕಟ್ಟಿ ಗೊತ್ತಿರೋ ಮೇಸ್ತ್ರಿಗಳು ಈಗ ಮುದುಕರಾಗ್ತಿದ್ದಾರೆ. ನಿಮ್ಮೂರಲ್ಲಿ ಒಬ್ಬರಿದ್ದರೆ ಈ ವರ್ಷವೇ ಕರೆಸಿ, ಜೊತೆಗೆ ಒಬ್ಬ ಹುಡುಗನನ್ನು ನಿಲ್ಲಿಸಿ.

ಒಲೆ ಇದೆ ಅಂತ ಹಾಲಿನ ಕವರು, ಪೈಪಿನ ತುಂಡು, ಹಳೇ ಚಪ್ಪಲಿ ಎಲ್ಲ ಒಳಗೆ ತುರುಕೋರಿದ್ದಾರೆ. ಆ ವಿಷದ ಹೊಗೆ ನಮ್ಮ ಅಂಗಳಕ್ಕೇ ಇಳಿಯುತ್ತೆ, ಬೂದಿಯೂ ತೋಟಕ್ಕೆ ಬಾರದು. ಒಳ್ಳೇ ಬೂದಿಯಲ್ಲಿ ಪೊಟ್ಯಾಶ್, ಸುಣ್ಣ ಎರಡೂ ಇದೆ. ಅಡಿಕೆ ಮರಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಶ್ ಹೇಳ್ತಾರೆ; ಪೂರ್ತಿ ಅಲ್ಲದಿದ್ದರೂ ಒಂದು ಪಾಲು ಬಚ್ಚಲಿಂದಲೇ ಬರಲಿ. ಯೂರಿಯಾ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತೆ.

ಸುಲಿತ ಮುಗಿದ ಮನೆಗಳವರು ಸಿಪ್ಪೆಯನ್ನು ಈಗಲೇ ತೆಳ್ಳಗೆ ಹರವಿ. ಮಾರ್ಚ್ ಬಿಸಿಲಲ್ಲಿ ಒಣಗಿದ್ದನ್ನು ಚೀಲ ತುಂಬಿ ಕೊಟ್ಟಿಗೆ ಅಟ್ಟಕ್ಕೆ ಹಾಕಿದರೆ ಮಳೆಗಾಲ ಪೂರ್ತಿ ಬರುತ್ತೆ. ನೆಲಕ್ಕಿಟ್ಟರೆ ಜೂನ್ ಹೊತ್ತಿಗೆ ಗೆದ್ದಲ ಪಾಲು.