ಉತ್ತರ ಗೊತ್ತಿದ್ದೂ ಸುಮ್ಮನಿದ್ದೀರಾ?



ನಾಲ್ಕು ಮಂದಿ ಹೆಂಗಸರು ಒಂದೆಡೆ ಕುಳಿತರೆ ಮಾತಿಗೆ ಬರವಿಲ್ಲ. ಬಟ್ಟೆ, ಚಿನ್ನ, ಮಕ್ಕಳ ಮಾರ್ಕು ಎಲ್ಲ ಮುಗಿದ ಮೇಲೆ, ಅಲ್ಲಿ ಇಲ್ಲದವರ ಸರದಿ ಬರುತ್ತದೆ. ಪರನಿಂದೆ ಪಾಪವೆಂದು ನಮಗೆಲ್ಲರಿಗೂ ಗೊತ್ತು. ಆದರೆ ಅದನ್ನು ಬಿಡಬೇಕಾದರೆ ಬಾಯಿಗೆ ಬೇರೇನಾದರೂ ಕೆಲಸ ಬೇಡವೇ? ಒಂದು ಒಗಟು ಹಾಕಿ ನೋಡಿ. ನಿಮ್ಮ ಗೆಳತಿಯೂ ಒಂದನ್ನು ತಿರುಗಿ ಹಾಕಲಿ. ಒಂದು ತಾಸು ಹೇಗೆ ಕಳೆಯಿತೆಂದೇ ತಿಳಿಯುವುದಿಲ್ಲ.

ಇದು ಮಕ್ಕಳಾಟ ಎನ್ನುವವರಿದ್ದಾರೆ. ಅವರಿಗೆ ಸಹೀಹುಲ್ ಬುಖಾರಿಯಲ್ಲಿರುವ ಖರ್ಜೂರದ ಮರದ ಹದೀಸನ್ನು ನೆನಪಿಸಬೇಕು. ಒಮ್ಮೆ ಪ್ರವಾದಿ ಮುಹಮ್ಮದ್(ಸ)ರು ತಮ್ಮ ಸಂಗಾತಿಗಳಿಗೆ ಒಂದು ಪ್ರಶ್ನೆ ಹಾಕಿದರು. ಎಲೆ ಉದುರದ ಮರವೊಂದಿದೆ, ಅದು ಮುಸ್ಲಿಮನಿಗೆ ಹೋಲಿಕೆ, ಯಾವುದದು ಎಂದು ಕೇಳಿದರು. ಜನರ ಯೋಚನೆ ಮರುಭೂಮಿಯ ಮರಗಳ ಕಡೆಗೆಲ್ಲ ಓಡಿತು. ಅಲ್ಲಿದ್ದವರಲ್ಲಿ ಅಬ್ದುಲ್ಲಾ ಬಿನ್ ಉಮರ್(ರ) ಎಲ್ಲರಿಗಿಂತ ಚಿಕ್ಕವರು. ಅದು ಖರ್ಜೂರದ ಮರವೆಂದು ಅವರಿಗೆ ಹೊಳೆಯಿತು. ಆಗ ಪ್ರವಾದಿ(ಸ)ಯವರ ಮುಂದೆ ಖರ್ಜೂರದ ಮರದ ತಿರುಳನ್ನು ತಂದಿಡಲಾಗಿತ್ತು ಎಂದೂ ಒಂದು ವರದಿಯಲ್ಲಿದೆ. ಅಂದರೆ ಸುಳಿವು ಕಣ್ಣೆದುರಿಗೇ ಇತ್ತು! ಆದರೆ ಅಬೂಬಕರ್(ರ) ಮತ್ತು ಉಮರ್(ರ)ರಂಥ ಹಿರಿಯರೇ ಮೌನವಾಗಿರುವಾಗ ತಾನು ಹೇಗೆ ಬಾಯಿ ತೆರೆಯುವುದೆಂದು ಅವರು ಸಂಕೋಚಪಟ್ಟರು. ಕೊನೆಗೆ ಪ್ರವಾದಿ(ಸ)ಯವರೇ ಉತ್ತರ ಹೇಳಿದರು. ಆಮೇಲೆ ಮಗ ವಿಷಯ ತಿಳಿಸಿದಾಗ ತಂದೆ ಉಮರ್(ರ) ಏನೆಂದರು ಗೊತ್ತೇ? ಚಿಕ್ಕವನು ಸುಮ್ಮನಿದ್ದದ್ದು ಒಳ್ಳೆಯದಾಯಿತು ಎನ್ನಲಿಲ್ಲ. ನೀನು ಹೇಳಿಬಿಟ್ಟಿದ್ದರೆ ಎಂಥ ಸಂಪತ್ತು ದೊರೆತುದಕ್ಕಿಂತಲೂ ಹೆಚ್ಚು ಸಂತೋಷವಾಗುತ್ತಿತ್ತು ಎಂಬರ್ಥದ ಮಾತನ್ನಾಡಿದರು.

ಇಮಾಮ್ ಬುಖಾರಿ ಈ ಹದೀಸನ್ನು ಒಂದಕ್ಕಿಂತ ಹೆಚ್ಚು ಕಡೆ ಸೇರಿಸಿದ್ದಾರೆ. ಅವುಗಳಲ್ಲೊಂದು, ಜ್ಞಾನ ಗಳಿಕೆಯಲ್ಲಿ ಲಜ್ಜೆಯ ಕುರಿತಾದ ಅಧ್ಯಾಯ. ಅನ್ಸಾರಿ ಮಹಿಳೆಯರನ್ನು ಆಯಿಶಾ(ರ) ಮೆಚ್ಚಿಕೊಂಡ ಮಾತೂ ಅದೇ ಅಧ್ಯಾಯದಲ್ಲಿದೆ. ಧರ್ಮವನ್ನು ತಿಳಿದುಕೊಳ್ಳಲು ಆ ಮಹಿಳೆಯರಿಗೆ ಲಜ್ಜೆ ಅಡ್ಡಿಯಾಗಲಿಲ್ಲವಂತೆ. ನಮ್ಮ ಹೆಣ್ಣುಮಕ್ಕಳು ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ಕುಳಿತಿರುವುದನ್ನು ನಾನು ದಿನವೂ ನೋಡುತ್ತೇನೆ. ತಪ್ಪಾದರೆ ನಗುತ್ತಾರೆ ಎಂಬ ಭಯ ಅವರಿಗೆ. ಒಗಟಿನ ಆಟದಲ್ಲಿ ಆ ಭಯವಿಲ್ಲ. ಅಲ್ಲಿ ತಪ್ಪು ಉತ್ತರಕ್ಕೂ ಒಂದು ಜಾಗವಿದೆ.

ಪ್ರಶ್ನೆಗಳಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ, ಅಡುಗೆ ಮನೆ ಸಾಕು. ಇಫ್ತಾರ್‌ನ ಹೊತ್ತಿಗೆ ತಣ್ಣನೆಯ ನೀರನ್ನು ಸ್ಟೀಲ್ ಲೋಟಕ್ಕೆ ಸುರಿಯುತ್ತೀರಿ. ಸ್ವಲ್ಪ ಹೊತ್ತಿನಲ್ಲಿ ಲೋಟದ ಹೊರಮೈ ಒದ್ದೆ. ಆ ನೀರು ಎಲ್ಲಿಂದ ಬಂತು? ಒಳಗಿನಿಂದ ಜಿನುಗಿತು ಎಂದು ಹೇಳುವವರು ಈಗಲೂ ಇದ್ದಾರೆ. ವಾದ ಮಾಡಬೇಡಿ. ಲೋಟಕ್ಕೆ ನೀರಿನ ಬದಲು ಐಸ್ ಹಾಕಿದ ಕೆಂಪು ಶರಬತ್ತು ಸುರಿಯಿರಿ. ಹೊರಗಿನ ಹನಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಬಣ್ಣವಿಲ್ಲ, ಸಿಹಿಯೂ ಇಲ್ಲ. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಇದೆ. ತಣ್ಣನೆಯ ಲೋಹವನ್ನು ತಾಗಿದೊಡನೆ ಅದು ಹನಿಯಾಗುತ್ತದೆ.

ಈಗ ಇದರದ್ದೇ ಇನ್ನೊಂದು ಮಗ್ಗುಲು. ಮಂಗಳೂರಿನ ಹುಡುಗಿ ಕಲಬುರಗಿಗೆ ಮದುವೆಯಾಗಿ ಹೋದಳೆಂದು ಇಟ್ಟುಕೊಳ್ಳಿ. ಅಲ್ಲಿ ಏಪ್ರಿಲ್ ತಿಂಗಳಲ್ಲಿ ಬೆಂಕಿಯಂಥ ಬಿಸಿಲು. ಆದರೂ ಮಣ್ಣಿನ ಮಡಕೆಯ ನೀರು ತವರಿನ ಮಡಕೆಯ ನೀರಿಗಿಂತ ಚೆನ್ನಾಗಿ ತಣ್ಣಗಿರುತ್ತದೆ. ಫ್ರಿಜ್ಜಿನ ನೀರು ತುಂಬಿದ ಸ್ಟೀಲ್ ಲೋಟ ಮಾತ್ರ ತವರಿನಲ್ಲಿ ಒದ್ದೆಯಾದಷ್ಟು ಅಲ್ಲಿ ಒದ್ದೆಯಾಗುವುದಿಲ್ಲ. ಏಕೆ? ಸ್ವಲ್ಪ ಯೋಚಿಸಿ, ಆಮೇಲೆ ಮುಂದಿನ ಸಾಲು ಓದಿ. ಮಡಕೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಹೊರಬಂದು ಆವಿಯಾಗುತ್ತದೆ. ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಕಲಬುರಗಿಯ ಒಣ ಗಾಳಿ ಆ ಆವಿಯನ್ನು ಬೇಗ ಹೀರಿಕೊಳ್ಳುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಮೊದಲೇ ತುಂಬಿದೆ, ಇನ್ನಷ್ಟು ಹೀರಲು ಅದಕ್ಕೆ ಅಷ್ಟು ಜಾಗವಿಲ್ಲ. ಅದೇ ತೇವ ಲೋಟದ ಮೇಲೆ ಹನಿಯಾಗಿ ಕೂರುತ್ತದೆ. ಒಂದೇ ಗಾಳಿ ಲೋಟವನ್ನು ಒದ್ದೆ ಮಾಡುತ್ತದೆ, ಮಡಕೆಯನ್ನು ತಣ್ಣಗಾಗಲು ಬಿಡುವುದಿಲ್ಲ.

ಹಾಲು ಉಕ್ಕಿ ಚೆಲ್ಲುತ್ತದೆ, ಬರೀ ನೀರು ಹಾಗೆ ಚೆಲ್ಲುವುದಿಲ್ಲ. ಇದರ ಕಾರಣ ಕೆನೆಯಲ್ಲಿದೆ. ಹಾಲಿನ ಕೊಬ್ಬು ಮತ್ತು ಪ್ರೊಟೀನು ಮೇಲೆ ಪೊರೆಯಾಗಿ ಕೂತು ಹಬೆಗೆ ದಾರಿ ಕೊಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ಹಬೆ ಪೊರೆಯನ್ನೇ ಎತ್ತಿಬಿಡುತ್ತದೆ. ಸೌಟಿನಿಂದ ಕಲಕುತ್ತಿದ್ದರೆ ಪೊರೆ ಒಡೆಯುತ್ತದೆ, ಸ್ಟವ್ ಒರೆಸುವ ಕೆಲಸ ಉಳಿಯುತ್ತದೆ.

ಇನ್ನು ಲೆಕ್ಕದ ಒಗಟು. ಹದಿನೇಳು ಒಂಟೆಗಳ ಕಥೆ ನೀವು ಕೇಳಿರಬಹುದು. ತಂದೆ ತೀರಿಕೊಂಡ. ಹಿರಿಯವನಿಗೆ ಅರ್ಧ, ನಡುವಿನವನಿಗೆ ಮೂರನೇ ಒಂದು, ಕಿರಿಯವನಿಗೆ ಒಂಬತ್ತನೇ ಒಂದು ಪಾಲು ಎಂದು ಹೇಳಿಹೋಗಿದ್ದ. ಹದಿನೇಳು ಹಾಗೆ ಒಡೆಯುವುದಿಲ್ಲ. ಒಬ್ಬ ಬುದ್ಧಿವಂತ ತನ್ನ ಒಂಟೆಯನ್ನೂ ಸೇರಿಸಿ ಹದಿನೆಂಟು ಮಾಡಿದ. 9, 6 ಮತ್ತು 2 ಹಂಚಿದಾಗ ಹದಿನೇಳಾಯಿತು, ಅವನ ಒಂಟೆ ಅವನಿಗೇ ಉಳಿಯಿತು. ಇದರ ಗುಟ್ಟೇನೆಂದರೆ ಆ ಮೂರು ಪಾಲು ಕೂಡಿಸಿದರೆ ಒಂದು ಪೂರ್ತಿಯಾಗುವುದಿಲ್ಲ, ಹದಿನೆಂಟರಲ್ಲಿ ಹದಿನೇಳು ಭಾಗ ಮಾತ್ರ ಆಗುತ್ತದೆ.

ಒಗಟು ಚೆನ್ನಾಗಿದೆ. ಆದರೆ ಇದನ್ನು ಹಝ್ರತ್ ಅಲೀ(ರ)ರ ತೀರ್ಪು ಎಂದು ಹೇಳಿ ಮೊಬೈಲಿನಲ್ಲಿ ಹಂಚುವುದಿದೆಯಲ್ಲ, ಅದಕ್ಕೆ ನನ್ನ ತಕರಾರಿದೆ. ಇಸ್ಲಾಮಿನ ವಾರೀಸು ನಿಯಮದಲ್ಲಿ ಗಂಡುಮಕ್ಕಳಿಗೆಲ್ಲ ಸಮಪಾಲು. ತನ್ನ ನಂತರ ಒಬ್ಬ ಮಗನಿಗೆ ಅರ್ಧ, ಇನ್ನೊಬ್ಬನಿಗೆ ಒಂಬತ್ತನೇ ಒಂದು ಎಂದು ತಂದೆ ಬರೆದಿಡುವಂತೆಯೇ ಇಲ್ಲ. ಒಗಟನ್ನು ಒಗಟೆಂದೇ ಹೇಳಿ, ಸಹಾಬಿಗಳ ಹೆಸರು ಅದಕ್ಕೆ ಬೇಡ.

ಅಲೀ(ರ)ರ ಹೆಸರಿನೊಂದಿಗೆ ಫಿಕ್‌ಹ್ ಗ್ರಂಥಗಳಲ್ಲಿ ಬಂದಿರುವ ಲೆಕ್ಕ ಬೇರೆಯೇ ಇದೆ. ಒಬ್ಬಾತ ಪತ್ನಿ, ಇಬ್ಬರು ಹೆಣ್ಣುಮಕ್ಕಳು, ತಾಯಿ ಮತ್ತು ತಂದೆಯನ್ನು ಬಿಟ್ಟು ಮರಣ ಹೊಂದಿದ. ಆಸ್ತಿಯನ್ನು 24 ಭಾಗ ಮಾಡಿ ನೋಡಿ. ಹೆಣ್ಣುಮಕ್ಕಳಿಗೆ ಮೂರನೇ ಎರಡು, ಅಂದರೆ 16. ತಾಯಿಗೆ 4, ತಂದೆಗೆ 4. ಪತ್ನಿಗೆ ಎಂಟನೇ ಒಂದು, ಅಂದರೆ 3. ಕೂಡಿಸಿದರೆ 27 ಆಯಿತು, ಇರುವುದು 24! ಯಾರ ಪಾಲು ಕಿತ್ತುಕೊಳ್ಳುವುದು? ಯಾರದ್ದೂ ಅಲ್ಲ. ಆಸ್ತಿಯನ್ನೇ 27 ಭಾಗ ಮಾಡಿ, ಎಲ್ಲರ ಪಾಲನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸಬೇಕು. ಪತ್ನಿಯ ಎಂಟನೇ ಒಂದು ಈಗ ಒಂಬತ್ತನೇ ಒಂದಾಯಿತು. ಮಿಂಬರ್ ಮೇಲಿದ್ದಾಗಲೇ ಅಲೀ(ರ) ಈ ಉತ್ತರ ಕೊಟ್ಟರೆಂದು ಹೇಳಲಾಗುವುದರಿಂದ ಇದಕ್ಕೆ ‘ಮಿಂಬರಿಯ್ಯ’ ಎಂದೇ ಹೆಸರು. ಇದನ್ನು ಬಿಡಿಸಬಲ್ಲ ಹೆಂಗಸಿಗೆ ತವರಿನಲ್ಲೋ ಗಂಡನ ಮನೆಯಲ್ಲೋ ತನ್ನ ಪಾಲೆಷ್ಟೆಂದು ಬೇರೆಯವರು ಹೇಳಬೇಕಾಗಿಲ್ಲ.

ಇನ್ನೊಂದು. ಪ್ರತಿ ವರ್ಷ ಏಪ್ರಿಲ್ ಒಂದಕ್ಕೆ ಲೆಕ್ಕ ಹಾಕಿ ಶೇಕಡಾ 2.5 ಝಕಾತ್ ಕೊಡುವವರು 33 ವರ್ಷಗಳಲ್ಲಿ ಎಷ್ಟು ವರ್ಷದ ಝಕಾತ್ ಬಾಕಿ ಉಳಿಸಿಕೊಳ್ಳುತ್ತಾರೆ? ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದು. ನಮ್ಮ 33 ಇಂಗ್ಲಿಷ್ ವರ್ಷಗಳೆಂದರೆ ಹಿಜರಿಯ 34 ವರ್ಷಗಳು. ಪೂರಾ ಒಂದು ವರ್ಷದ್ದು ಬಾಕಿ! ಇಂಗ್ಲಿಷ್ ವರ್ಷದಂತೆಯೇ ಲೆಕ್ಕ ಇಡಬೇಕಾದವರು ಶೇಕಡಾ ಸುಮಾರು 2.58ರಂತೆ ಕೊಡಬೇಕೆಂದು ಇಂದಿನ ವಿದ್ವಾಂಸರು ಹೇಳುವುದು ಇದಕ್ಕಾಗಿಯೇ. ಇದೇ ಕಾರಣದಿಂದ 2030ರಲ್ಲಿ ರಮಝಾನ್ ಎರಡು ಬಾರಿ ಬರಲಿದೆ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಎದುರಿನವರನ್ನು ಸಿಕ್ಕಿಸಿ ಹಾಕಿ ನಗಲೆಂದೇ ಕೇಳುವ ವಕ್ರ ಪ್ರಶ್ನೆಗಳನ್ನು ಹಿಂದಿನ ವಿದ್ವಾಂಸರು ಇಷ್ಟಪಡುತ್ತಿರಲಿಲ್ಲ. ಓದು ಬಾರದ ಅತ್ತೆಯ ಮುಂದೆ ಹೊಸ ಸೊಸೆ ಇಂಗ್ಲಿಷ್ ಪುಸ್ತಕದ ಪ್ರಶ್ನೆ ಹಾಕುವುದು ಒಗಟಲ್ಲ, ಚುಚ್ಚುಮಾತು. ಅತ್ತೆಗೆ ಮಡಕೆಯ ಪ್ರಶ್ನೆ ಕೇಳಿ. ಉತ್ತರ ಅವರಿಂದಲೇ ಬಂದೀತು.

ಈ ತಿಂಗಳು ನಿಮಗೆ ಎರಡು ಪ್ರಶ್ನೆ. ಗಾಜಿನ ಲೋಟದಲ್ಲಿ ಅಂಚಿನವರೆಗೆ ನೀರಿದೆ, ಐಸ್ ತುಂಡೊಂದು ಅಂಚಿಗಿಂತ ಮೇಲೆ ತಲೆ ಎತ್ತಿ ತೇಲುತ್ತಿದೆ. ಅದು ಪೂರ್ತಿ ಕರಗಿದಾಗ ನೀರು ಚೆಲ್ಲುತ್ತದೆಯೇ? ಎರಡನೆಯದು, ಬೇಯಿಸಿದ ಮೊಟ್ಟೆ ಹಸಿ ಮೊಟ್ಟೆಗಳೊಂದಿಗೆ ಬೆರೆತುಹೋಗಿದೆ, ಒಂದನ್ನೂ ಒಡೆಯದೆ ಹುಡುಕುವುದು ಹೇಗೆ? ಮನೆಯವರೆಲ್ಲ ಮೊದಲು ಉತ್ತರ ಹೇಳಲಿ, ಎಲ್ಲರಿಗಿಂತ ಚಿಕ್ಕವರು ಮೊದಲು. ಆಮೇಲೆ ಮಾಡಿ ನೋಡಿ.