ಪುರಸೈವಾಕ್ಕಂಗೆ ವ್ಯಂಗ್ಯಚಿತ್ರ ಬರಲಿ

ಚೆನ್ನೈ ಕನ್ನಡಿಗರ ಕಾರ್ಯಕ್ರಮಗಳೆಂದರೆ ರಾಜ್ಯೋತ್ಸವ, ದಾಸರ ಪದ, ನಾಟಕ, ಕೊನೆಗೆ ಹಬ್ಬದೂಟ. ಇವೆಲ್ಲ ಬೇಕು. ಆದರೆ ವ್ಯಂಗ್ಯಚಿತ್ರ ಪ್ರದರ್ಶನಕ್ಕೆ ಈ ಪಟ್ಟಿಯಲ್ಲಿ ಜಾಗ ಸಿಗುವುದು ಅಪರೂಪ. ಅಂಥದೊಂದು ಪ್ರದರ್ಶನಕ್ಕೆ ಈ ಮಹಾನಗರದಲ್ಲಿ ಪುರಸೈವಾಕ್ಕಂಗಿಂತ ತಕ್ಕ ಬಡಾವಣೆ ಇನ್ನೊಂದಿಲ್ಲ.

1906ರಲ್ಲಿ ಮದರಾಸಿನಲ್ಲಿ ಜನಿಸಿದ ಆರ್.ಕೆ. ನಾರಾಯಣ್ ಬಾಲ್ಯ ಕಳೆದದ್ದು ಪುರಸೈವಾಕ್ಕಂನ ಅಜ್ಜಿಯ ಮನೆಯಲ್ಲಿ, ಸಾಕಿದ ನವಿಲು ಮತ್ತು ಕೋತಿಯ ಸಹವಾಸದಲ್ಲಿ. ಓದಿದ್ದು ಅಲ್ಲಿಯದೇ ಲುಥೆರನ್ ಮಿಷನ್ ಶಾಲೆಯಲ್ಲಿ. ತಮ್ಮ ಆರ್.ಕೆ. ಲಕ್ಷ್ಮಣ್ 1921ರಲ್ಲಿ ಹುಟ್ಟಿದ್ದು ಮೈಸೂರಿನಲ್ಲಿ. ಅವರು ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಅಣ್ಣನ ಕಥೆಗಳಿಗೆ ಬರೆದ ಚಿತ್ರಗಳು ಮದರಾಸಿನ 'ದಿ ಹಿಂದೂ' ಪತ್ರಿಕೆಯಲ್ಲಿ ಅಚ್ಚಾದವು. ಬೇಸಿಗೆ ರಜೆಯಲ್ಲಿ ಇಲ್ಲಿಯ ಜೆಮಿನಿ ಸ್ಟುಡಿಯೋದಲ್ಲೂ ದುಡಿದರು. ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ಕನ್ನಡದ ಹಾಸ್ಯಪತ್ರಿಕೆ 'ಕೊರವಂಜಿ'ಗೂ ಚಿತ್ರ ಬರೆದರು. ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿದ್ದು ಇದೇ ಹುಡುಗನಿಗೆ! ಮನೆಮಾತು ತಮಿಳು, ಬೆಳೆದ ಊರು ಮೈಸೂರು. ಹೀಗಿರುವಾಗ ನೆರೆಯ ತಮಿಳು ಬಂಧುಗಳನ್ನೂ ಹಕ್ಕಿನಿಂದ ಕರೆಯಬಹುದು.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಇಲ್ಲಿಯ ಅನೇಕ ಕನ್ನಡ ಮನೆಗಳಲ್ಲಿ ಮಕ್ಕಳು ಅಜ್ಜಿಯೊಡನೆ ಕನ್ನಡ ಮಾತನಾಡುತ್ತಾರೆ, ಅಕ್ಷರ ಮಾತ್ರ ಬಾರದು. ಅಂಥ ಮಗುವಿನ ಕೈಗೆ ಕಾದಂಬರಿ ಕೊಟ್ಟರೆ ಪಕ್ಕಕ್ಕಿಡುತ್ತದೆ. ವ್ಯಂಗ್ಯಚಿತ್ರದ ಮುಂದೆ ನಿಂತರೆ ಮೊದಲು ನಗುತ್ತದೆ, ಆಮೇಲೆ ಕೆಳಗಿನ ಸಾಲಿನಲ್ಲಿ ಏನಿದೆ ಎಂದು ಕೇಳುತ್ತದೆ. ಆ ಪ್ರಶ್ನೆ ಬಂದ ಗಳಿಗೆಯಲ್ಲಿ ಓದಿಸುವವರು ಪಕ್ಕದಲ್ಲಿರಬೇಕು. ನಾಲ್ಕು ಜೆರಾಕ್ಸ್ ಪ್ರತಿಗಳನ್ನು ಗೋಡೆಗೆ ಅಂಟಿಸಿ, ದೀಪ ಬೆಳಗಿಸಿ ಮುಗಿಸುವ ಪ್ರದರ್ಶನದಿಂದ ಪ್ರಯೋಜನವಿಲ್ಲ.

ಮಾರ್ಗದರ್ಶನಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯ ಸಮೀಪ 2007ರಲ್ಲಿ ಭಾರತೀಯ ವ್ಯಂಗ್ಯಚಿತ್ರ ಗ್ಯಾಲರಿ ಆರಂಭವಾಯಿತು. ಕುಂದಾಪುರದಂಥ ಸಣ್ಣ ಊರಿನಲ್ಲೂ ಸತೀಶ್ ಆಚಾರ್ಯ ಮತ್ತು ಗೆಳೆಯರು 'ಕಾರ್ಟೂನು ಹಬ್ಬ' ನಡೆಸಿ ತೋರಿಸಿದ್ದಾರೆ. ಕುಂದಾಪುರಕ್ಕೆ ಸಾಧ್ಯವಾದದ್ದು ಚೆನ್ನೈಗೆ ಆಗದೆ?

ಅತಿಥಿ ವ್ಯಂಗ್ಯಚಿತ್ರಕಾರರನ್ನು ಕರೆಸಿದಾಗ ಅವರ ಕೈಗೆ ಮೈಕಿನ ಜೊತೆಗೆ ಕುಂಚವನ್ನೂ ಕೊಡಬೇಕು. ಸಭೆಯ ಕಣ್ಣೆದುರೇ ಒಂದು ಮುಖ ಮೂಡಲಿ. ಮೂಗು ಏಕೆ ಹಿಗ್ಗಿತು, ಸಂಪಾದಕರು ಯಾವ ಚಿತ್ರವನ್ನು ವಾಪಸು ಕಳುಹಿಸಿದರು, ಸಿಟ್ಟಾದ ರಾಜಕಾರಣಿಗೆ ಏನು ಉತ್ತರ ಕೊಟ್ಟಿರಿ ಎಂದು ಕೇಳಲು ಮಕ್ಕಳಿಗೂ ಅವಕಾಶವಿರಲಿ. ಅಧ್ಯಕ್ಷ ಭಾಷಣಕ್ಕೆ ಹತ್ತು ನಿಮಿಷ ಸಾಕು. ಸಂಘಗಳ ಪದಾಧಿಕಾರಿಗಳು ಮುಂದಿನ ಸಭೆಯಲ್ಲೇ ಈ ವಿಷಯವನ್ನು ಕೈಗೆತ್ತಿಕೊಂಡು, ಒಂದು ಭಾನುವಾರವನ್ನು ಗೊತ್ತುಮಾಡಲಿ.